ಇಪ್ಪತ್ತೊಂದೂವರೆ ಮಿಲಿಮೀಟರಿನ ಹೆಬ್ಬೆರಳು

ನಾನು ಒಂದು ನಕ್ಷೆ. ಕಾಗದದ ಮೇಲಿನ ನಕ್ಷೆಯಲ್ಲ, ಕಂಪ್ಯೂಟರಿನೊಳಗಿನ ನಕ್ಷೆ. ನನ್ನನ್ನು ಮುಟ್ಟಲು ಬರುವುದಿಲ್ಲ, ಮಡಚಿ ಜೇಬಿಗಿಡಲು ಬರುವುದಿಲ್ಲ. ಹಾಗಂತ ನನ್ನನ್ನು ಹಗುರವಾಗಿ ಕಾಣಬೇಡಿ. ನನ್ನನ್ನು ನೋಡಿ ಯಂತ್ರಗಳು ಅಚ್ಚು ಮಾಡಿಕೊಟ್ಟ ಪ್ಲಾಸ್ಟಿಕ್ ತುಂಡುಗಳು ಇವತ್ತು ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಹೆಬ್ಬೆರಳಿಗೆ ಆಸರೆಯಾಗಿವೆ. ಇಷ್ಟು ಜಂಬ ಕೊಚ್ಚಿಕೊಳ್ಳಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ನಾನು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಒಂದು ಕಾರ್ಖಾನೆ ಊರಿನಲ್ಲಿ, ಈರಾಚಾರ್ರ ನಡುಮನೆಯಲ್ಲಿ. ಆಗ ಅವರಿಗೆ ಎಪ್ಪತ್ತೊಂದು ವರ್ಷ. ಮೂವತ್ತೆಂಟು ವರ್ಷ ಅವರು ಊರಿನ ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕೆತ್ತುತ್ತಿದ್ದರು. ಕಬ್ಬಿಣದ ಭಾಗ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯಬೇಕು. ಆ ಮರದ ಆಕಾರವೇ ಪ್ಯಾಟರ್ನ್. ಈರಾಚಾರ್ರು ಆ ಕೆಲಸದಲ್ಲಿ ಎತ್ತಿದ ಕೈ. ಕಾರ್ಖಾನೆ ಮುಚ್ಚಿದ ವರ್ಷ ಅವರು ಕೆತ್ತಿದ ಸಾಗವಾನಿ ಪ್ಯಾಟರ್ನುಗಳು ಗಾಡಿಗಟ್ಟಲೆ ಹೊರಗೆ ಹೋಗಿ ಯಾರ್‍ಯಾರದೋ ಬಚ್ಚಲೊಲೆ ಸೇರಿದವು. ಈ ಸಂಗತಿಯನ್ನು ಅವರು ನನ್ನೆದುರು ಎರಡೇ ಸಲ ಹೇಳಿದ್ದಾರೆ.

ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದು ಸೊಸೆ ಹೇಮಾವತಿ. ಆಕೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು. ಮಾವ ದಿನವಿಡೀ ಗೋಡೆ ನೋಡುತ್ತ ಕೂರುವುದನ್ನು ನೋಡಲಾರದೆ, ತನ್ನ ಹಳೆಯ ಕಂಪ್ಯೂಟರಿಗೆ ನಕ್ಷೆ ಬರೆಯುವ ತಂತ್ರಾಂಶವೊಂದನ್ನು ಹಾಕಿಕೊಟ್ಟಳು.

"ಇದನ್ನ ಯಾರೂ ಮಾರಲ್ಲ ಮಾವ. ಯಾವ್ಯಾವುದೋ ದೇಶದ ಜನ ಸೇರ್ಕೊಂಡು ಬರೆದಿದಾರೆ. ಒಳಗೆ ಹೇಗಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು."

"ಬಿಚ್ಚಿ ನೋಡಿದ್ರೆ ಬೈಯಲ್ಲೇನವ್ವ?" ಎಂದು ಈರಾಚಾರ್ರು ಕೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಸ್ತ್ರಿ ತನ್ನ ನಕ್ಷೆಯ ಮೇಲೆ ಟವೆಲ್ ಹೊದಿಸಿಕೊಂಡು ಕೂರುತ್ತಿದ್ದನಂತೆ. ವಿದ್ಯೆ ಕದ್ದು ಕಲಿಯಬೇಕಾಗಿದ್ದ ಕಾಲದ ಮನುಷ್ಯನಿಗೆ ಬಾಗಿಲೇ ಇಲ್ಲದ ಮನೆ ಕಂಡರೆ ಅನುಮಾನ ಬಾರದೆ ಇರುತ್ತದೆಯೇ?

ಮೊದಲ ವಾರ ನೋಡಬೇಕಿತ್ತು. ಉಳಿ ಹಿಡಿದ ಹಾಗೆ ಮೌಸನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಗೆರೆ ಎಳೆಯುತ್ತಿದ್ದರು. ತಪ್ಪಾದರೆ "ಮರ ಹೋತು" ಎನ್ನುತ್ತಿದ್ದರು. ಇಲ್ಲಿ ಮರವೇ ಇಲ್ಲ, ಒಂದು ಗುಂಡಿ ಒತ್ತಿದರೆ ತಪ್ಪು ಮಾಯವಾಗುತ್ತದೆ ಎಂದು ಹೇಮಾವತಿ ತೋರಿಸಿದಾಗ, ಅದೊಂದು ಅಡ್ಡದಾರಿ ಎನ್ನುವಂತೆ ಮುಖ ಸಿಂಡರಿಸಿದರು. ಆದರೆ ಒಂದು ದಿನ ಅವಳು ಬೋಲ್ಟಿನ ನಕ್ಷೆಯಲ್ಲಿ ಎಂಟು ಎಂದಿದ್ದ ಅಂಕಿಯನ್ನು ಹನ್ನೆರಡು ಮಾಡಿದಳು. ಇಡೀ ಬೋಲ್ಟು, ತಲೆ, ತಿರುಪು, ನಟ್ಟು ಸಮೇತ, ಕಣ್ಣೆದುರೇ ದಪ್ಪವಾಯಿತು. ಈ ತಂತ್ರಾಂಶದ ಮರ್ಮವೇ ಅದು. ಗೆರೆ ಎಳೆದು ಬಿಟ್ಟರೆ ಸಾಲದು, ಪ್ರತಿ ಅಳತೆಗೂ ಒಂದು ಹೆಸರಿಡಬೇಕು. ಆಮೇಲೆ ಒಂದು ಅಂಕಿ ಬದಲಿಸಿದರೆ ಅದನ್ನು ನಂಬಿದ್ದೆಲ್ಲ ತಾನಾಗಿ ಬದಲಾಗುತ್ತದೆ. ಈರಾಚಾರ್ರು ತಲೆಯ ಮೇಲೆ ಕೈ ಹೊತ್ತು ಕೂತರು.

"ಒಂದು ನೂಲು ಜಾಸ್ತಿ ಮಾಡು ಅಂದ್ರೆ ನಾವು ಎರಡು ದಿನ ಕೂತು ಕೆತ್ತಬೇಕಿತ್ತಲ್ಲೇ!"

ಮರಗೆಲಸದವರ ಬಾಯಲ್ಲಿ ನೂಲು ಎಂದರೆ ದಾರವಲ್ಲ. ಒಂದು ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಈ ಮಾತು ಗಮನದಲ್ಲಿರಲಿ, ನನ್ನ ಮಾನ ಹೋಗಿದ್ದು ಅದರಿಂದಲೇ.

ಎದುರುಮನೆಯಲ್ಲಿ ತುಳಸಾಬಾಯಿ ಇದ್ದರು. ಓಣಿಗೆಲ್ಲ ಆಕೆ ತುಳಸಕ್ಕ. ಸಿಂಪಿಗರ ಮನೆಯ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಹೊಲಿಗೆ ಅಂಗಡಿ ನಡೆಸಿಕೊಂಡು ಬಂದವರು. ಪ್ಯಾಟರ್ನ್ ಶಾಪಿನವರಿಗೆಲ್ಲ ಏಪ್ರನ್ನು ಹೊಲಿದುಕೊಟ್ಟಿದ್ದು ಆಕೆಯೇ. ಪೆನ್ಸಿಲ್ಲಿಗೆ ಒಂದು, ಅಳತೆಪಟ್ಟಿಗೆ ಒಂದು, ಎಲೆಯಡಿಕೆಗೆ ಒಂದು ಎಂದು ಮೂರು ಜೇಬು ಇಡುತ್ತಿದ್ದರು. ಏಪ್ರನ್ನು ಹೋಗಿ ಶಾಲೆಯ ಯೂನಿಫಾರಂ ಬಂದವು. ಪ್ರತಿ ಬೇಸಿಗೆಯಲ್ಲಿ ಮುನ್ನೂರು ಜೊತೆ.

ಆ ವರ್ಷ ಮಾರ್ಚಿನಲ್ಲಿ ಆಕೆ ಬಂದು ಈರಾಚಾರ್ರ ಮೆಟ್ಟಿಲ ಮೇಲೆ ಕೂತರು. ಬಲಗೈ ಹೆಬ್ಬೆರಳ ಗಿಣ್ಣು ಊದಿತ್ತು.

"ಡಾಕ್ಟ್ರು ಸಂಧಿವಾತ ಅಂದ್ರು. ಕತ್ತರಿ ಹಿಡಿದ್ರೆ ಜೀವ ಹೋಗ್ತತಿ ಆಚಾರ್ರೆ. ಸೋಮವಾರ ಸಾಲಿಗೆ ಹೋಗಿ ಈ ವರ್ಷ ನನ್ನ ಕೈಲಿ ಆಗಲ್ಲ ಅಂತ ಹೇಳಿ ಬರ್ತೀನಿ."

"ಕತ್ತರಿಸೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ರಿ."

"ಹೊಲಿಯೋದು ಯಾರಾದ್ರೂ ಹೊಲೀತಾರ್ರಿ. ಬಟ್ಟೆ ಕತ್ತರಿಸೋದು ನಾನು. ಅದನ್ನೂ ಬಿಟ್ರೆ ಮತ್ತೆ ನಾನೇನು ಟೇಲರ್‍ರಾ?"

ಈರಾಚಾರ್ರು ಒಳಗೆ ಹೋಗಿ ವರ್ನಿಯರ್ ಕ್ಯಾಲಿಪರ್ ತಂದರು. ಆಕೆಯ ಹೆಬ್ಬೆರಳ ಗಿಣ್ಣನ್ನು ನೋಯದ ಹಾಗೆ ಅದರ ದವಡೆಗಳ ನಡುವೆ ಹಿಡಿದು, ಕನ್ನಡಕ ಹಣೆಗೇರಿಸಿ ಓದಿದರು. ಇಪ್ಪತ್ತೊಂದೂವರೆ ಮಿಲಿಮೀಟರ್. ನನ್ನ ಜನ್ಮನಕ್ಷತ್ರ ಕೇಳಿದರೆ ನಾನು ಆ ಅಂಕಿಯನ್ನೇ ಹೇಳುವುದು.

ಅಂದು ಮಧ್ಯಾಹ್ನ ನಾನು ಹುಟ್ಟಿದೆ. ಹೆಬ್ಬೆರಳಿಗೆ ಒಂದು ಬಳೆ, ಅದಕ್ಕೆ ಅಂಟಿಕೊಂಡಂತೆ ಅಂಗೈ ಉಬ್ಬಿನ ಮೇಲೆ ಕೂರುವ ಒಂದು ತೊಟ್ಟಿಲು, ಅದರ ಬೆನ್ನಿಗೆ ಕತ್ತರಿಯ ಹಿಡಿ ಸಿಕ್ಕಿಸುವ ಒಂದು ಕೊಂಡಿ. ಕತ್ತರಿ ಒತ್ತುವ ಭಾರ ಗಿಣ್ಣಿಗೆ ಬೀಳದೆ ಅಂಗೈಗೆ ಬೀಳಬೇಕು ಎನ್ನುವುದು ಉಪಾಯ. ಬಳೆಯ ಅಳತೆಗೆ ಹೆಸರು ಕೇಳಿತು ತಂತ್ರಾಂಶ. ಈರಾಚಾರ್ರು ಒಂದೊಂದೇ ಅಕ್ಷರ ಹುಡುಕಿ ಇಂಗ್ಲಿಷಿನಲ್ಲಿ "ತುಳಸಾಬಾಯಿ" ಎಂದು ಒತ್ತಿದರು. ಆಮೇಲೆ ನನ್ನ ಉಳಿದ ಅಳತೆಗಳನ್ನೆಲ್ಲ ಆ ಹೆಸರಿಗೆ ಜೋತುಬೀಳಿಸಿದರು.

"ಅಚ್ಚುಕಟ್ಟಾಗಿ ಬರ್ತತಿ. ಒಳಗೆ ಒಂದು ನೂಲು ಬಿಟ್ಟೀನಿ," ಎಂದು ಆಕೆಗೆ ಭರವಸೆ ಕೊಟ್ಟರು.

"ಅಷ್ಟಿದ್ರೆ ಸಾಕ್ರಿ," ಎಂದರು ತುಳಸಾಬಾಯಿ.

ಹೇಮಾವತಿ ಪಾಲಿಟೆಕ್ನಿಕ್ಕಿನ ಯಂತ್ರದಲ್ಲಿ ನನ್ನ ಮೊದಲ ದೇಹ ಮಾಡಿಸಿ ತಂದಳು. ಪ್ಲಾಸ್ಟಿಕ್ ತಂತಿ ಕರಗಿಸಿ ಪದರದ ಮೇಲೆ ಪದರ ಇಟ್ಟು ಮಾಡುವ ಯಂತ್ರ ಅದು. ಶನಿವಾರ ಬೆಳಿಗ್ಗೆ ತುಳಸಾಬಾಯಿ ಬಂದು ಬೆರಳು ತೂರಿಸಿದರು. ಉಗುರಿನ ಬುಡ ದಾಟಲಿಲ್ಲ. ಇನ್ನೊಮ್ಮೆ ಒತ್ತಿದರು, "ಅಯ್ಯೋ" ಎಂದು ಕೈ ಎಳೆದುಕೊಂಡರು. ನನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ಬಿಡ್ರಿ, ಎಲ್ಲಾ ನನ್ನ ಹಣೇಬರ" ಎಂದು ಹೊರಟೇ ಹೋದರು. ನನಗೆ ನಾಚಿಕೆಯಾಯಿತು. ಈರಾಚಾರ್ರ ಮುಖ ನೋಡಲಾಗಲಿಲ್ಲ.

ಹೇಮಾವತಿ ನನ್ನನ್ನು ತೆರೆದು ಸಾಲು ಸಾಲಾಗಿ ನೋಡಿದಳು. "ಮಾವ, ಬೆರಳು ಇಪ್ಪತ್ತೊಂದೂವರೆ, ಬಳೆ ಹದಿನೈದು! ಸುತ್ತಲೂ ಒಂದೊಂದು ನೂಲು ಯಾಕೆ ಕಿರಿದು ಮಾಡಿದೀರಿ?"

"ಬಿಡಬೇಕಲ್ಲವ್ವ. ಎರಕ ಹೊಯ್ದ ಮೇಲೆ ಲೇಥಿಗೆ ಹಾಕಿ ತುರೀತಾರೆ. ತುರಿಯೋಕೆ ಕಬ್ಬಿಣ ಬೇಡವಾ? ತೂತನ್ನ ಯಾವಾಗಲೂ ಒಂದು ನೂಲು ಸಣ್ಣ ಇಡಬೇಕು."

"ಎರಕ ಎಲ್ಲಿದೆ ಮಾವ? ಲೇಥ್ ಎಲ್ಲಿದೆ?"

ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಈರಾಚಾರ್ರ ಕೈ ಇನ್ನೂ ಅಲ್ಲಿಯ ಲೇಥಿನವನಿಗಾಗಿ ಕಬ್ಬಿಣ ಉಳಿಸುತ್ತಿತ್ತು. ಅವರು ನೂಲು ಎಂದಿದ್ದ ಸಾಲಿಗೆ ಹೋಗಿ, ತಾವೇ ಅದನ್ನು ಸೊನ್ನೆ ಮಾಡಿದರು. ಸಡಿಲಕ್ಕೆಂದು ಅರ್ಧ ಮಿಲಿಮೀಟರ್ ಸೇರಿಸಿದರು. ಕ್ಷಣದಲ್ಲಿ ನಾನು ಮೈ ಬಿಟ್ಟು ಅಗಲವಾದೆ.

ಭಾನುವಾರ ಸಂಜೆ ನನ್ನ ಎರಡನೇ ದೇಹ ಹಿಡಿದುಕೊಂಡು ಈರಾಚಾರ್ರೇ ರಸ್ತೆ ದಾಟಿದರು. ನಡೆದದ್ದನ್ನು ಮುಚ್ಚಿಡದೆ ಹೇಳಿದರು. ತುಳಸಾಬಾಯಿ ಕಣ್ಣರಳಿಸಿ, "ನೀವು ಒಂದು ನೂಲು ಅಂದಾಗ ನಾನು ಸೂಜಿ ದಾರದಷ್ಟು ಅನ್ಕೊಂಡ್ನಲ್ರೀ!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗುತ್ತಲೇ ಬೆರಳು ತೂರಿಸಿದರು. ಬಳೆ ಗಿಣ್ಣು ದಾಟಿ ಕೂತಿತು. ನಗು ನಿಂತಿತು. ನೀಲಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ ಕತ್ತರಿ ಹಾಕಿದರು. ಒಂದು ಮೊಳ, ಎರಡು ಮೊಳ, ನಿಲ್ಲಲೇ ಇಲ್ಲ. ಮರುದಿನ ಅವರು ಶಾಲೆಗೆ ಹೋದದ್ದು ಬಟ್ಟೆ ತರುವುದಕ್ಕೆ.

ಆ ಬೇಸಿಗೆಯನ್ನು ನೆನೆದರೆ ಈಗಲೂ ನನಗೆ ಹಿತವಾಗುತ್ತದೆ. ಬೆಳಿಗ್ಗೆ ಎದುರುಮನೆಯಿಂದ ಕತ್ತರಿಯ ಸದ್ದು, ಇತ್ತ ಈರಾಚಾರ್ರ ಕೆಮ್ಮು, ನಡುವೆ ಹೇಮಾವತಿಯ ಕುಕ್ಕರಿನ ಸೀಟಿ. ಈರಾಚಾರ್ರು ದಿನಾ ನನ್ನನ್ನು ತೆರೆದು ಒಂದು ಮೂಲೆ ಉರುಟು ಮಾಡುವುದು, ಒಂದು ಅಂಚು ತೆಳುವಾಗಿಸುವುದು. ಮಾಡುವುದಕ್ಕೆ ಏನೂ ಇಲ್ಲದ ದಿನವೂ ಸುಮ್ಮನೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ನನ್ನನ್ನು ಊರೆಲ್ಲ ಹಂಚೋಣ ಎಂದವರೂ ಅವರೇ. "ಮರದ್ದಾಗಿದ್ರೆ ಒಂದೇ ಇರ್ತಿತ್ತು. ಸುಟ್ರೆ ಹೋತು. ಇದು ಹಂಚಿದಷ್ಟೂ ಉಳೀತತಿ ಅಲ್ಲೇನವ್ವ?" ಹೇಮಾವತಿ ನನ್ನನ್ನು ಅಂತರ್ಜಾಲಕ್ಕೆ ಏರಿಸಿದಳು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಮೇಲೆ ಬರೆದಳು. ಪರರಿಗೆ ಕೊಡುವಾಗ ನೆರೆಮನೆಯವರ ಹೆಸರೇಕೆ ಎಂದು "ತುಳಸಾಬಾಯಿ" ಎಂಬುದನ್ನು ಅಳಿಸಹೋದಳು. ಅಳಿಸಿದ್ದೇ ತಡ, ಅದನ್ನು ನಂಬಿದ್ದ ನನ್ನ ಮೈಯ ಅಳತೆಗಳೆಲ್ಲ ಕೆಂಪಗಾಗಿ ಕೂಗಿಕೊಂಡವು.

"ಇರಲಿ ಬಿಡವ್ವ," ಎಂದರು ಈರಾಚಾರ್ರು. ಆ ಮಾತಿನಲ್ಲಿ ಸ್ವಲ್ಪ ಸಂತೋಷವೂ ಇತ್ತು ಎಂದು ನನಗನ್ನಿಸಿತು.

ಹೀಗೆ ನಾನು ಕೈಯಿಂದ ಕೈಗೆ ಹೋದೆ. ಚಳ್ಳಕೆರೆಯ ಕ್ಷೌರದಂಗಡಿಯ ಭೀಮರಾಯಪ್ಪ ಕೊಂಡಿ ಸಣ್ಣದು ಮಾಡಿಸಿಕೊಂಡ. ಕಾರವಾರದ ನರ್ಸ್ ರೋಸಲಿನ್ ತನ್ನ ರೋಗಿಗಳು ಚಮಚ ಹಿಡಿಯಲೆಂದು ಕತ್ತರಿಯ ಜಾಗದಲ್ಲಿ ಚಮಚದ ಗೂಡು ಇಟ್ಟಳು, ನನ್ನ ಹಳೆಯ ರೂಪವನ್ನೂ ಪಕ್ಕದಲ್ಲೇ ಜೋಪಾನ ಮಾಡಿದಳು. ಎಲ್ಲರೂ ತಂತಮ್ಮ ಬೆರಳಿನ ಅಳತೆಯನ್ನು ತುಳಸಾಬಾಯಿ ಎಂಬ ಹೆಸರಿನ ಮುಂದೆ ಬರೆದರು. ಹಿಮ ಬೀಳುವ ಯಾವುದೋ ದೇಶದ ಮುದುಕ ತೋಟಗಾರನೊಬ್ಬ ಪತ್ರ ಬರೆದು, ನಿಮ್ಮ ಭಾಷೆಯಲ್ಲಿ ಹೆಬ್ಬೆರಳಿಗೆ ತುಳಸಾಬಾಯಿ ಎನ್ನುತ್ತಾರೆಯೇ ಎಂದು ಕೇಳಿದ. ಈರಾಚಾರ್ರು ಯೋಚಿಸಿ, ಹೌದು ಎಂದು ಬರೆಯಿಸಿದರು.

ಆರು ವರ್ಷ ಹೀಗೆ ನಡೆಯಿತು. ಒಂದು ಕಾರ್ತಿಕದಲ್ಲಿ ಈರಾಚಾರ್ರು ಜ್ವರ ಬಂದು ಮಲಗಿದರು, ಮತ್ತೆ ಏಳಲಿಲ್ಲ. ಹೇಮಾವತಿ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದಳು. ಮುಂದಿನ ಮುಂಗಾರಿನಲ್ಲಿ ಅದು ಗುಂಡಿ ಒತ್ತಿದರೂ ಏಳದಾಯಿತು. ಅದರೊಳಗಿದ್ದ ನಾನು, ಅವರ ಕೈಯಾರೆ ಹುಟ್ಟಿದ ನಾನು, ಅಲ್ಲಿಗೆ ಮುಗಿದೆ. ಈಗ ಮಾತಾಡುತ್ತಿರುವುದು ರೋಸಲಿನ್ ಇಟ್ಟುಕೊಂಡಿದ್ದ ಪ್ರತಿ. ಬೇರೆ ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಅದಾಗಿ ವರ್ಷವಾಗುತ್ತ ಬಂದಿತ್ತು. ಮಾರ್ಚಿನ ಒಂದು ಬೆಳಿಗ್ಗೆ ತುಳಸಾಬಾಯಿಯ ಕೈಯಲ್ಲಿ ನನ್ನ ಹಳೆಯ ದೇಹ ಸೀಳಿತು. ಕೆಲವು ತಿಂಗಳಿಂದ ಅದು ಬಿಗಿಯುತ್ತಿತ್ತಂತೆ. ಆಕೆ ಯಾರಿಗೂ ಹೇಳದೆ ಎಣ್ಣೆ ಹಚ್ಚಿ ತೂರಿಸಿಕೊಳ್ಳುತ್ತಿದ್ದರು. ಅರ್ಧ ಕತ್ತರಿಸಿದ ಬಟ್ಟೆ ಮೇಜಿನ ಮೇಲೆ ಬಿಟ್ಟು ಹೇಮಾವತಿಯ ಹತ್ತಿರ ಓಡಿ ಬಂದರು.

ಹೇಮಾವತಿ ಏರಿಸಿದ್ದ ತಾಣ ಅಷ್ಟರಲ್ಲಿ ಮುಚ್ಚಿಹೋಗಿತ್ತು. ರೋಸಲಿನ್ ಹಂಚಿದ್ದ ನನ್ನನ್ನು ಅವಳು ಅಂತರ್ಜಾಲದಿಂದ ಹುಡುಕಿ ಇಳಿಸಿದಳು. ಹೊಸ ತಂತ್ರಾಂಶ ನನ್ನನ್ನು ತುಸು ಗೊಣಗಿಕೊಂಡೇ ತೆರೆಯಿತು. ನನ್ನಲ್ಲಿ ತುಳಸಾಬಾಯಿ ಎಂಬ ಹೆಸರಿನ ಮುಂದೆ ಯಾರೋ ಗಂಡಸಿನ ಬೆರಳಿನ ಇಪ್ಪತ್ತೇಳು ಇತ್ತು.

"ಅದನ್ನ ತೆಗಿ. ಇಪ್ಪತ್ತೊಂದೂವರೆ ಹಾಕು," ಎಂದರು ತುಳಸಾಬಾಯಿ.

"ಇನ್ನೊಂದು ಸಲ ಅಳೆದುಬಿಡೋಣ ತುಳಸಕ್ಕ."

"ಬ್ಯಾಡ. ಆಚಾರ್ರು ಅಳೆದಾರಲ್ಲ. ಅವರ ಅಳತೆ ತಪ್ಪಲ್ಲ."

"ತಪ್ಪಲ್ಲ ಅಕ್ಕ. ಆದ್ರೆ ಎಂಟು ವರ್ಷ ಆಯ್ತು. ಬೆರಳು ಬೇರೆ ಆಗಿದೆ."

ತುಳಸಾಬಾಯಿ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಬಹಳ ಹೊತ್ತು ಕೊಡಲಿಲ್ಲ. ಆಮೇಲೆ ಕೈ ಹೊರಗೆ ಬಂತು. ಹೇಮಾವತಿ ಗಿಣ್ಣನ್ನು ಅಳೆದಳು. ಇಪ್ಪತ್ತಮೂರು ಮುಕ್ಕಾಲು. ತುಳಸಾಬಾಯಿಗೆ ಅಳು ಬಂತು. ಈರಾಚಾರ್ರು ಸತ್ತಾಗ ಹತ್ತು ಜನರೆದುರು ತಡೆದುಕೊಂಡ ಅಳು ಅದು.

"ನಾನು ಹಾಕಲಾ?" ಎಂದು ಹೇಮಾವತಿ ಕೇಳಿದಳು.

"ತಡಿ. ಎಲ್ಲಿ ಒತ್ತಬೇಕು ಹೇಳು."

ಹೇಮಾವತಿ ತೋರಿಸಿದಳು. ತುಳಸಾಬಾಯಿ ಕಣ್ಣೊರೆಸಿಕೊಂಡು, ಒಂದೊಂದೇ ಅಂಕಿ ಹುಡುಕಿ ತಮ್ಮ ಹೊಸ ಬೆರಳಿನ ಅಳತೆ ಬರೆದರು. ನನ್ನ ಮೈ ಮೆಲ್ಲಗೆ ಕುಗ್ಗಿತು. ಉಳಿಸಿಕೊಳ್ಳಲೇ ಎಂದು ಪರದೆ ಕೇಳಿತು. ಆ ನೋಯುವ ಹೆಬ್ಬೆರಳಿನಿಂದಲೇ ಹೂಂ ಎನ್ನುವ ಗುಂಡಿ ಒತ್ತಿದರು.

ಈಗ ನಾನು ಒಂದು ಪೆನ್ ಡ್ರೈವಿನಲ್ಲಿದ್ದೇನೆ, ತುಳಸಾಬಾಯಿಯ ಅಂಗಡಿಯಲ್ಲಿ, ಹಳೆಯ ಅಂಗಿಗುಂಡಿಗಳ ಡಬ್ಬಿಯಲ್ಲಿ. ವರ್ಷಕ್ಕೊಮ್ಮೆ, ಯೂನಿಫಾರಂ ಬಟ್ಟೆ ಬರುವ ಮೊದಲು, ಹೇಮಾವತಿ ಬಂದು ಬೆರಳು ಅಳೆಯುತ್ತಾಳೆ. ಹೋದ ಸಲ ಇಪ್ಪತ್ತನಾಲ್ಕು ಬಂತು. ನನ್ನನ್ನು ಮಾಡಿದವರು ತೆಗೆದ ಅಳತೆ ನನ್ನ ಮೈಯಲ್ಲಿ ಇವತ್ತು ಎಲ್ಲೂ ಉಳಿದಿಲ್ಲ. ಅದಕ್ಕೆ ನನಗೆ ದುಃಖವಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಅಂದು ರಸ್ತೆ ದಾಟಿ ಬಂದದ್ದು ಒಂದು ಅಂಕಿಯನ್ನು ಉಳಿಸುವುದಕ್ಕಲ್ಲ. ಡಬ್ಬಿಯ ಮುಚ್ಚಳದ ಆಚೆ ತುಳಸಾಬಾಯಿ ಇದೀಗ ಬಟ್ಟೆ ಹಾಸಿದರು, ಸುಕ್ಕು ಸವರಿದರು, ಸೀಮೆಸುಣ್ಣದಿಂದ ಗೆರೆ ಎಳೆದರು. ಇನ್ನೇನು ಕತ್ತರಿ ಹಾಕುತ್ತಾರೆ.