ಮರಿ ಹಾರುವವರೆಗೆ

ಬಲೆಯವನು ಅಳತೆಯ ಟೇಪನ್ನು ಬಾಲ್ಕನಿಯ ಈ ಗೋಡೆಯಿಂದ ಆ ಗೋಡೆಗೆ ಎಳೆದವನು, ಮೂಲೆಯಲ್ಲಿದ್ದ ಕೆಟ್ಟ ವಾಷಿಂಗ್ ಮೆಷಿನ್ನಿನ ಹಿಂದೆ ಬಗ್ಗಿ ನೋಡಿ, ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟುಕೊಂಡ.

"ಮರಿ ಇವೆ ಸಾರ್," ಎಂದ. "ಮರಿ ಇರೋ ಕಡೆ ನಾನು ಬಲೆ ಕಟ್ಟಲ್ಲ."

ತಮ್ಮನಿಗೆ ನಗು ಬಂತು. ಪಾರಿವಾಳ ಓಡಿಸುವುದೇ ಕಸುಬಾದವನಿಗೆ ಪಾರಿವಾಳದ ಮೇಲೆ ಕರುಣೆಯೇ? ಕರುಣೆಯಲ್ಲ ಎಂದು ಬಲೆಯವನೇ ಬಿಡಿಸಿ ಹೇಳಿದ. ಒಮ್ಮೆ ನೋಡದೆ ಕಟ್ಟಿಬಿಟ್ಟಿದ್ದನಂತೆ. ತಾಯಿ ಹೊರಗೆ, ಮರಿಗಳು ಒಳಗೆ. ತಾಯಿ ಬಲೆಗೆ ಬಡಿದುಕೊಂಡು ಬಡಿದುಕೊಂಡು ಕೊನೆಗೆ ಬರುವುದನ್ನೇ ಬಿಟ್ಟಿತು, ಮರಿಗಳು ಸತ್ತು ನಾರಿದವು, ಅದನ್ನು ಬಾಚಿ ತೆಗೆಯಲು ಮನೆಯವರು ಅವನನ್ನೇ ಕರೆಸಿದರು. ಅಂದಿನಿಂದ ಗೂಡು ಖಾಲಿಯಾಗದೆ ಅವನು ಮೊಳೆ ಹೊಡೆಯುವುದಿಲ್ಲ. ಹಾರಿಹೋದ ಮೇಲೆ ಫೋನ್ ಮಾಡಿ, ಅರ್ಧ ದಿನದ ಕೆಲಸ ಎಂದು ಹೇಳಿ ಚೀಲ ಹೆಗಲಿಗೇರಿಸಿ ಹೊರಟ.

ಕೋಣೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ಕೇಳುತ್ತಿದ್ದ ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು.

ಆ ಮನೆಯಲ್ಲಿ ಕೆಲಸಗಳು ಒಂದರ ಬಾಲ ಹಿಡಿದು ಇನ್ನೊಂದು ನಿಂತಿದ್ದವು. ಮೊದಲು ಬಾಲ್ಕನಿಗೆ ಬಲೆ, ಆಮೇಲೆ ಆ ಬಾಲ್ಕನಿಯ ಕೋಣೆಗೆ ಬಣ್ಣ, ಆಮೇಲೆ ತೊಟ್ಟಿಲು. ತಮ್ಮನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಪಾರಿವಾಳದ ಹಿಕ್ಕೆ ಮಗುವಿನ ಎದೆಗೆ ಒಳ್ಳೆಯದಲ್ಲ ಎಂದು ಡಾಕ್ಟರ್ ಹೇಳಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ತೊಟ್ಟಿಲು ಬರುವ ಕೋಣೆಯಲ್ಲಿ ಈಗ ಮಲಗುತ್ತಿರುವವಳು ಅಕ್ಕ. ಅವಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ತಮ್ಮ ಚಿಕ್ಕಮ್ಮನ ಮಾತು ತೆಗೆಯುತ್ತಿದ್ದ, ಅಷ್ಟೆ. ಚಿಕ್ಕಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾಳಂತೆ, ನೋಡಿಕೊಳ್ಳಲು ಮನೆಯ ಜನವೇ ಬೇಕಂತೆ, ಪಾಪ.

ಚಿಕ್ಕಮ್ಮನ ಸೊಂಟ ಮುರಿದಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ. ಅವ್ವ ಸತ್ತ ಮೇಲೆ ಮಕ್ಕಳಿಬ್ಬರನ್ನೂ ಇಟ್ಟುಕೊಂಡವಳು ಅವಳೇ. ಮಲಗಲು ಮೆಟ್ಟಿಲ ಕೆಳಗಿನ ಸಂದು ಕೊಟ್ಟು, ಅಡುಗೆಮನೆಗೆ ಬೀಗ ಹಾಕಿ, ಬಂದವರ ಮುಂದೆಲ್ಲ ಎರಡು ಅನಾಥ ಜೀವ ಸಾಕುತ್ತಿದ್ದೇನೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ತಮ್ಮನಿಗೆ ಅದೆಲ್ಲ ನೆನಪಿಲ್ಲ, ಅವನಾಗ ಅಂಗಿ ಗುಂಡಿ ಹಾಕಿಕೊಳ್ಳಲೂ ಬಾರದ ಕೂಸು. ಅಕ್ಕನಿಗೆ ಮಾತ್ರ ಆ ಬೀಗದ ಸದ್ದು ಈಗಲೂ ಕೇಳುತ್ತದೆ. ಕೈಗೆ ಕಸುವು ಬಂದದ್ದೇ ತಡ, ಅವನನ್ನು ಸೊಂಟಕ್ಕೇರಿಸಿಕೊಂಡು ಹೊರಬಿದ್ದು, ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ಹೊಲಿದು ಬಂದ ಅಂಗಿಗಳ ಹೆಚ್ಚುವರಿ ನೂಲು ಕತ್ತರಿಸುವುದು ಅವಳ ಕೆಲಸ. ಅಂಗೈಯಲ್ಲಿ ಅಡಗುವ ಪುಟ್ಟ ಕತ್ತರಿ. ನೂಲು ಉಳಿಯಬಾರದು, ಬಟ್ಟೆಗೆ ತಾಗಬಾರದು. ಆ ಕತ್ತರಿಯಿಂದಲೇ ತಮ್ಮನನ್ನು ಓದಿಸಿ ಲಿಫ್ಟ್ ಮೆಕ್ಯಾನಿಕ್ ಮಾಡಿದಳು. ಮದುವೆ ಎಂಬುದೊಂದು ಇದೆ ಎಂದು ಅವಳಿಗೆ ನೆನಪಾಗುವಷ್ಟರಲ್ಲಿ ತಮ್ಮನದೇ ಮದುವೆ ಮುಗಿದಿತ್ತು. ಕಾರ್ಖಾನೆ ಬಾಗಿಲು ಹಾಕಿದ ದಿನ ಅವಳು ತಂದುಕೊಂಡದ್ದು ಆ ಕತ್ತರಿಯೊಂದೇ.

ಅಂತೂ ಮರಿ ಹಾರುವವರೆಗೆ ಅವಳಿಗೆ ಜಾಗ ಸಿಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಆ ಮರಿಗಳನ್ನು ಖುಷಿಯಿಂದ ನೋಡುತ್ತಿದ್ದರು. ಅಕ್ಕ ನೋಡಿದ್ದು ಬಾಡಿಗೆದಾರ ಕ್ಯಾಲೆಂಡರ್ ನೋಡುವ ಹಾಗೆ. ಮೊದಲಿಗೆ ಅವು ಹಳದಿ ಕೂದಲಿನ, ಮೂಗೇ ಮುಖವಾದ ಕುರೂಪಿಗಳು. ಕೂದಲ ನಡುವೆ ಕಡ್ಡಿಯಂತೆ ಗರಿ ಮೂಡಿತು, ಕಡ್ಡಿ ಒಡೆದು ಬೂದು ಬಣ್ಣ ಇಣುಕಿತು. ಅವಳು ಕಾಳು ಹಾಕಿದಳು, ಡಬ್ಬಿಯ ಮುಚ್ಚಳದಲ್ಲಿ ನೀರಿಟ್ಟಳು, ಬೆಕ್ಕು ಬರದಂತೆ ಹಲಗೆ ಅಡ್ಡವಿಟ್ಟಳು. ಅವು ಕತ್ತು ಚಾಚಿ ಅವಳ ಬೆರಳನ್ನೇ ಕೊಕ್ಕಿಗೆ ತೆಗೆದುಕೊಂಡಾಗ ಪ್ರೀತಿಯೂ ಬಂತು. ಆದರೆ ತಿನ್ನಿಸಿದಷ್ಟೂ ಬೇಗ ಬೆಳೆಯುತ್ತವಲ್ಲ ಎಂದು ಮರುಗಳಿಗೆಯೇ ಕೈ ಹಿಂದೆಗೆಯುತ್ತಿದ್ದಳು. ತಮ್ಮನ ಹೆಂಡತಿ ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡು, ಇನ್ನೂ ಎಷ್ಟು ದಿನ ಅತ್ತಿಗೆ ಎಂದು ಕೇಳುವಳು. ಪಾರಿವಾಳದ ಬಗ್ಗೆಯೇ ಕೇಳಿದ್ದಿರಬೇಕು.

ಒಂದು ಬೆಳಿಗ್ಗೆ ನೋಡಿದರೆ ದೊಡ್ಡ ಮರಿ ಇಲ್ಲ. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕುಳಿತು, ಹುಟ್ಟಿದಾಗಿನಿಂದ ಅಲ್ಲೇ ಇದ್ದೆ ಎಂಬಂತೆ ಗರಿ ತೀಡಿಕೊಳ್ಳುತ್ತಿತ್ತು. ತಮ್ಮ ಟೀ ಕುಡಿಯುತ್ತ, ಒಂದು ಹೋಯಿತು, ಇನ್ನೊಂದು ಈ ವಾರದಲ್ಲಿ ಹೋಗುತ್ತದೆ, ಬಲೆಯವನಿಗೆ ಹೇಳಿಬಿಡುತ್ತೇನೆ ಎಂದ. ಚಿಕ್ಕಮ್ಮನ ಮಗ ಫೋನ್ ಮಾಡಿದ್ದ ಸುದ್ದಿಯನ್ನೂ ಅದರ ಜೊತೆಗೇ ಹೇಳಿದ. ಅಕ್ಕನಿಗೆಂದು ಅಲ್ಲಿ ಮಂಚ ಹಾಕಿಸಿದ್ದಾರಂತೆ. ಎಲ್ಲಿ ಎಂದು ಅವಳು ಕೇಳಿದಳು. ಮೆಟ್ಟಿಲ ಕೆಳಗೆ ತುಂಬ ಜಾಗ ಇದೆಯಂತಲ್ಲ ಎಂದು ತಮ್ಮ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ.

ಅಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾಗ ಅಕ್ಕ ಸಣ್ಣ ಮರಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅದು ಒದ್ದಾಡಲಿಲ್ಲ, ಅವಳ ಕೈ ಅದಕ್ಕೆ ಗೊತ್ತಿತ್ತು. ಒಂದು ರೆಕ್ಕೆ ಬಿಡಿಸಿದಳು. ಉದ್ದ ಗರಿಗಳು ಒಂದರ ಪಕ್ಕ ಒಂದು ನೀಟಾಗಿ ಕುಳಿತಿದ್ದವು. "ಸುಮ್ನಿರು, ನೋವಾಗಲ್ಲ," ಎಂದಳು. ಉಗುರು ಕತ್ತರಿಸಿದರೆ ಬೆಳೆಯುತ್ತದೆ, ಕೂದಲು ಕತ್ತರಿಸಿದರೆ ಬೆಳೆಯುತ್ತದೆ, ಇದೂ ಬೆಳೆಯುತ್ತದೆ. ಅಷ್ಟರೊಳಗೆ ಏನಾದರೂ ಒಂದು ದಾರಿಯಾಗುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ಕತ್ತರಿ ಆಡಿತು. ಕೊನೆಯದೊಂದು ಗರಿ ಇನ್ನೂ ಎಳೆಯದು, ಅದರೊಳಗಿಂದ ರಕ್ತ ಬಂತು. ನೂಲಿನಲ್ಲಿ ರಕ್ತ ಕಂಡವಳಲ್ಲ ಅವಳು. ಬೆಚ್ಚಿಬಿದ್ದು ಹೆಬ್ಬೆರಳಿನಿಂದ ಒತ್ತಿ ಹಿಡಿದು, ನಿಂತ ಮೇಲೆ ಇನ್ನೊಂದು ರೆಕ್ಕೆಯನ್ನೂ ಬಿಡಿಸಿದಳು. ಅರ್ಧ ಮಾಡಿದ ಕೆಲಸ ಅವಳು ಎಂದೂ ಬಿಟ್ಟವಳಲ್ಲ. ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದಳು.

ಮರುದಿನ ಸಣ್ಣದು ವಾಷಿಂಗ್ ಮೆಷಿನ್ನಿನ ಮೇಲಿಂದ ಹಾರಲು ಹೋಗಿ ದೊಪ್ಪನೆ ನೆಲಕ್ಕೆ ಬಿತ್ತು. ಎದ್ದು, ಅಡ್ಡವಿಟ್ಟ ಹಲಗೆಯ ಮೇಲಿಂದ ಹತ್ತಿ, ಮತ್ತೆ ಬಿತ್ತು. ತಾಯಿ ಕಂಬಿಯ ಮೇಲೆ ಕುಳಿತು ಕರೆಯಿತು, ಹಾರಿ ತೋರಿಸಿತು, ಮರಳಿ ಬಂದು ಕರೆಯಿತು. ಕೆಲವು ದಿನ ಹೀಗೆ ಮಾಡಿ, ಆಮೇಲೆ ಬರಲಿಲ್ಲ. ಅಕ್ಕ ಕಾಳು ನೆನೆಸಿ, ಕೊಕ್ಕು ಬಿಡಿಸಿ ತಾನೇ ತಿನ್ನಿಸತೊಡಗಿದಳು. ತಮ್ಮ ದಿನಾ ಬಗ್ಗಿ ನೋಡಿ, ಇದೊಂದು ಶುದ್ಧ ಸೋಮಾರಿ ಎಂದು ಹೋಗುತ್ತಿದ್ದ. ಅವಳು ಮಾತ್ರ ದಿನವೂ ರೆಕ್ಕೆ ಬಿಡಿಸಿ ನೋಡುವಳು. ಗರಿಗಳು ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ ರಜೆ ಹಾಕಿ ಮನೆಯಲ್ಲಿ ಉಳಿದಳು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವವಳು. ದಿನವೆಲ್ಲ ಜನರ ನಡುವೆ ಇದ್ದವಳಿಗೆ ಮನೆಯಲ್ಲಿ ಹೊತ್ತು ಹೋಗದಾಯಿತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಲ್ಕನಿಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರುವ ಅಭ್ಯಾಸ ಮಾಡಿಕೊಂಡಳು. ಅಕ್ಕ ಮಗುವಿಗೆಂದು ಹತ್ತಿಯ ಅಂಗಿ ಹೊಲಿಯುತ್ತ ಪಕ್ಕದಲ್ಲಿರುತ್ತಿದ್ದಳು. ಹಕ್ಕಿ ಹತ್ತುವುದು, ಬೀಳುವುದು ನೋಡಿ ಇಬ್ಬರೂ ನಕ್ಕರು. ನಗುವಿನ ಬೆನ್ನಿಗೆ ಮಾತು ಬಂತು. ಗಂಡ ಸಣ್ಣವನಿದ್ದಾಗ ಹೇಗಿದ್ದ, ಜ್ವರ ಬಂದರೆ ಏನು ಮಾಡುತ್ತಿದ್ದಿರಿ ಎಂದೆಲ್ಲ ಅವಳು ಕೇಳಿದಳು. ಹೆರಿಗೆಯ ಹೆದರಿಕೆಯನ್ನು ಗಂಡನಿಗೂ ಹೇಳದವಳು ಅತ್ತಿಗೆಯ ಮುಂದೆ ಹೇಳಿ ಅತ್ತಳು. ಮದುವೆಯಾಗಿ ಬಂದ ಮೇಲೆ ಅವರಿಬ್ಬರ ನಡುವೆ ಅಷ್ಟು ಮಾತು ನಡೆದದ್ದು ಅದೇ ಮೊದಲು.

ಒಂದು ಸಂಜೆ ಅವಳು ಕಾಲು ಚಾಚಿಕೊಂಡು, "ಅತ್ತಿಗೆ, ತೊಟ್ಟಿಲು ನಮ್ಮ ರೂಮಲ್ಲೇ ಇರಲಿ," ಎಂದಳು. "ನೀವು ಎಲ್ಲೂ ಹೋಗ್ಬೇಡಿ. ನನಗೆ ಮಗು ಎತ್ಕೊಳ್ಳೋಕೂ ಬರಲ್ಲ. ಅವರಿಗೂ ಹೇಳಿದೀನಿ, ಸರಿ ಅಂದ್ರು."

ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. "ಕಾಲು ಊದಿದೆ, ಒತ್ತಲಾ?" ಎಂದಳು. ಅವಳಿಗೆ ಅಷ್ಟು ಸಂತೋಷವಾಗಿತ್ತು.

ತಮ್ಮನ ಹೆಂಡತಿಗೂ ಮನಸ್ಸು ಹಗುರಾಗಿರಬೇಕು. ಇದು ಯಾಕೆ ಹಾರಲ್ಲ ಇವತ್ತು ನೋಡೇಬಿಡೋಣ ಎನ್ನುತ್ತ ಕ್ಲಿನಿಕ್ಕಿನಿಂದ ತಂದಿದ್ದ ಕೈಗವಸು ಹಾಕಿಕೊಂಡು ಹಕ್ಕಿಯನ್ನು ಎತ್ತಿಕೊಂಡಳು. ಬೇಡ, ಕಚ್ಚುತ್ತೆ ಎಂದು ಅಕ್ಕ ಏಳುವಷ್ಟರಲ್ಲಿ ರೆಕ್ಕೆ ಬಿಡಿಸಿಯಾಗಿತ್ತು. ಗರಿಗಳ ತುದಿ ಅಡಿಕೋಲು ಇಟ್ಟು ಕತ್ತರಿಸಿದ ಹಾಗೆ ಒಂದೇ ಸಾಲಿನಲ್ಲಿ ಮುಗಿದಿತ್ತು. ಅವಳು ಇನ್ನೊಂದು ರೆಕ್ಕೆಯನ್ನೂ ನೋಡಿದಳು. ಆಮೇಲೆ ಅಕ್ಕನ ಮಡಿಲಲ್ಲಿದ್ದ ಮಗುವಿನ ಅಂಗಿಯನ್ನು ನೋಡಿದಳು, ಅದರ ಮೇಲಿದ್ದ ಪುಟ್ಟ ಕತ್ತರಿಯನ್ನು ನೋಡಿದಳು. ಹಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟು, ಒಂದೊಂದೇ ಬೆರಳು ಎಳೆದು ಕೈಗವಸು ತೆಗೆದಳು.

"ಯಾಕೆ ಅತ್ತಿಗೆ?"

"ಬೆಳೆಯುತ್ತೆ ಕಣಮ್ಮ. ಉಗುರಿನ ಥರ. ಇನ್ನು ಸ್ವಲ್ಪ ದಿನ…"

"ಯಾಕೆ ಅಂತ ಕೇಳಿದೆ."

"ಅದು ಹಾರಿಹೋದ್ರೆ ಬಲೆ ಕಟ್ತಾರಲ್ಲ," ಎಂದಳು ಅಕ್ಕ. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ.

ತಮ್ಮನ ಹೆಂಡತಿಯ ಎರಡೂ ಕೈ ಹೊಟ್ಟೆಯ ಮೇಲೆ ಬಂದವು. ಆಮೇಲೆ ಆಡಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. "ನಾಳೆ ನನ್ನ ಮಗು ಹುಷಾರಿಲ್ದೆ ಇರೋವರೆಗೂ ನಿಮಗೆ ಈ ಮನೇಲಿ ಜಾಗ ಅಂತ ಆದ್ರೆ, ಆಗೇನು ಮಾಡ್ತೀರಿ?"

ಈ ಕೈಯಿಂದಲೇ ನಿನ್ನ ಗಂಡನನ್ನು ಬೆಳೆಸಿದ್ದು ಎಂದು ಅಕ್ಕ ಹೇಳಬೇಕಿತ್ತು. ಆ ಕೈ ಮಡಿಲಲ್ಲಿ ಕತ್ತರಿಯ ಪಕ್ಕದಲ್ಲೇ ಬಿದ್ದಿತ್ತು.

"ಅವರಿಗೆ ನಾನು ಹೇಳಲ್ಲ," ಎಂದಳು ತಮ್ಮನ ಹೆಂಡತಿ. "ನಿಮ್ಮನ್ನ ದೇವರು ಅಂದ್ಕೊಂಡಿದಾರೆ. ಹಾಗೇ ಇರಲಿ. ಹೋಗ್ತೀನಿ ಅಂತ ನೀವೇ ಹೇಳಿಬಿಡಿ."

ಊಟದ ಹೊತ್ತಿಗೆ ಅಕ್ಕ ಹೇಳಿದಳು. ಇಷ್ಟು ದಿನ ಅದನ್ನೇ ಸುತ್ತಿಬಳಸಿ ಕೇಳುತ್ತಿದ್ದ ತಮ್ಮನಿಗೆ ಈಗ ನೋವಾಯಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಇವಳೇ ಇರಿ ಅಂತಿದಾಳೆ, ನಿನಗೇ ನಮ್ಮ ಜೊತೆ ಇರೋಕೆ ಇಷ್ಟ ಇಲ್ವಾ ಅಕ್ಕ?" ಎಂದ. ಚಿಕ್ಕಮ್ಮ ಸಾಕಿದ ಋಣ ಇದೆಯಲ್ಲ ಪುಟ್ಟ ಎಂದಳು ಅಕ್ಕ. ಹೆಂಡತಿ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದು, ಆಮೇಲೆ ಅವನು ಎಲ್ಲವನ್ನೂ ಊಟಮಾಡಿ ಎದ್ದ.

ಅವಳು ಹೊರಡುವ ದಿನವೇ ಬಲೆಯವನೂ ಬಂದ. ಅಂದು ತಮ್ಮನಿಗೆ ರಜೆ, ಎಲ್ಲ ಒಟ್ಟಿಗೆ ಮುಗಿಯಲಿ ಎಂದು ಅವನ ಲೆಕ್ಕ. ಬಲೆಯವನು ಹಕ್ಕಿಯನ್ನು ಮೇಲಿಂದ ಕೆಳಗೆ ನೋಡಿ, ಇದೆಂಥ ಮರಿ, ಮೈತುಂಬ ಗರಿ ಬಂದಿದೆ, ಹೊರಗೆ ಬಿಟ್ಟರೆ ತಾನಾಗಿ ಹಾರುತ್ತದೆ ಎಂದು ಮೊಳೆ ಹೊಡೆಯಲು ಶುರುಮಾಡಿದ. ಪೆಟ್ಟಿಗೆಯಲ್ಲಿ ಹಾಕಿ ನಾನೇ ಒಯ್ಯುತ್ತೇನೆ ಎಂದು ಅಕ್ಕ ಕೇಳಿಕೊಂಡಳು. ಚಿಕ್ಕಮ್ಮ ನಿನ್ನನ್ನು ಒಳಗೆ ಬಿಟ್ಟುಕೊಳ್ಳುವುದೇ ಹೆಚ್ಚು, ಅದರ ಜೊತೆ ಪಾರಿವಾಳ ಬೇರೆ ಎಂದು ತಮ್ಮ ನಕ್ಕುಬಿಟ್ಟ. ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಿದ್ದಳು.

ಟ್ಯಾಕ್ಸಿಗೆ ಚೀಲ ಏರಿಸಿದ ಮೇಲೆ ತಮ್ಮನಿಗೆ ಏನೋ ಹೊಳೆಯಿತು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗುವಿತ್ತು. ಸಣ್ಣವನಿದ್ದಾಗ ಅವನು ಏನಾದರೂ ಅಡಗಿಸಿಟ್ಟುಕೊಂಡು ಕೊಡಲು ಬರುತ್ತಿದ್ದದ್ದು ಹೀಗೆಯೇ. "ಅಕ್ಕ, ನೀನು ಇಲ್ಲೇ ನಿಂತಿರು," ಎಂದ. "ನೀನು ಸಾಕಿದ ಹಕ್ಕಿ. ಅದು ಹಾರೋದನ್ನ ನೋಡ್ಕೊಂಡೇ ಹೋಗು." ಅವಳು ಪುಟ್ಟ ಎನ್ನುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿಯಾಗಿತ್ತು.

ನಾಲ್ಕನೆಯ ಮಹಡಿಯಲ್ಲಿ ಬಲೆ ಆಗಲೇ ಬಿಗಿದಿತ್ತು, ಒಂದು ಮೂಲೆ ಮಾತ್ರ ಬಾಕಿ. ಆ ಮೂಲೆಯಿಂದ ತಮ್ಮನ ಎರಡು ಕೈ ಹೊರಬಂದವು, ಕೈಗಳ ನಡುವೆ ಹಕ್ಕಿಯ ತಲೆ. ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ಅವಳು ಕೆಳಗೆ ನೋಡಿದಳು, ಅಕ್ಕ ಮೇಲೆ ನೋಡಿದಳು. ಬೇಡ ಎಂದು ಯಾರೊಬ್ಬರು ಒಂದು ಮಾತು ಹೇಳಿದ್ದರೂ ಸಾಕಿತ್ತು. ಯಾಕೆ ಎಂದು ಅವನು ಕೇಳುತ್ತಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ.

ಕೈಗಳು ತೆರೆದವು. ಹಕ್ಕಿ ರೆಕ್ಕೆಯನ್ನೇನೋ ಪೂರ್ತಿ ಬಡಿಯಿತು. ಗೋಡೆಗೆ ಅಂಟಿದಂತೆ ನೆಟ್ಟಗೆ ಕೆಳಗಿಳಿದು, ಸ್ಕೂಟರ್ ನಿಲ್ಲಿಸುವ ತಗಡಿನ ಮಾಡಿನ ಪಕ್ಕ, ಗೋಡೆಯ ಬುಡದ ಸಿಮೆಂಟಿನ ನೆಲದ ಮೇಲೆ, ಅಕ್ಕನ ಎದುರಿಗೇ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಟ್ಯಾಕ್ಸಿಯವನು ಒಮ್ಮೆ ನೋಡಿ ಬೇರೆ ಕಡೆ ನೋಡಿದ.

ಬಲೆ ಅಡ್ಡವಿದ್ದು ಹೊರಗೆ ಬಗ್ಗಲಾಗದ ತಮ್ಮನಿಗೆ ಗೋಡೆಯ ಬುಡ ಕಾಣುತ್ತಿರಲಿಲ್ಲ. ಮುಖವನ್ನು ಬಲೆಗೆ ಒತ್ತಿ ಎದುರಿನ ಆಕಾಶದಲ್ಲಿ ಅತ್ತಿತ್ತ ಹುಡುಕಿದ.

"ಹಾರ್ತಾ ಅಕ್ಕ?"

"ಹಾರ್ತು ಕಣೋ ಪುಟ್ಟ," ಎಂದಳು ಅಕ್ಕ. ದನಿ ನಾಲ್ಕು ಮಹಡಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

ತಮ್ಮ ಬಲೆಯ ಹಿಂದಿನಿಂದ ಕೈ ಬೀಸಿದ. ಅವಳೂ ಬೀಸಿ ಟ್ಯಾಕ್ಸಿ ಹತ್ತಿದಳು. ಮೇಲೆ ಬಲೆಯವನು ಕೊನೆಯ ಮೂಲೆಯನ್ನು ಎಳೆದು ಗಂಟು ಹಾಕಿ, ಉಳಿದ ದಾರವನ್ನು ಗಂಟಿನ ಬುಡಕ್ಕೆ ಸರಿಯಾಗಿ ಕತ್ತರಿಸಿದ. ತುಂಡು ದಾರ ಗಾಳಿಯಲ್ಲಿ ಅತ್ತಿತ್ತ ತೇಲುತ್ತ, ಬಹಳ ನಿಧಾನವಾಗಿ ಕೆಳಗಿಳಿಯಿತು.