ಬೋಳಿಸದ ತಲೆ

ಬಣ್ಣದ ಕುಂಚ ಕೈಗೆ ಕೊಟ್ಟರೆ ನಾನು ಎಮ್ಮೆಯನ್ನೂ ಮದುಮಗಳು ಮಾಡಿಯೇನು. ಒಬ್ಬ ನಟನಿಗೆ ನಾನು ಹೆಣದ ಮೇಕಪ್ ಹಾಕಿದಾಗ ಅವನ ಹೆಂಡತಿಯೇ ಎದೆ ಬಡಿದುಕೊಂಡು ಅತ್ತಿದ್ದಳು. ಅಂಥ ನನ್ನ ಕೈ ಜೀವಮಾನದಲ್ಲಿ ನಡುಗಿದ್ದು ಒಂದೇ ಸಲ, ಅದೂ ಒಂದು ಪುಟ್ಟ ಟ್ರಿಮ್ಮರ್ ಹಿಡಿದು.

ಅದು ದೊಡ್ಡ ಕಂಪನಿಯ ಸಿನಿಮಾ ಅಲ್ಲ. ಮುಖ್ಯ ಪಾತ್ರಧಾರಿಯ ಅಣ್ಣನೇ ನಿರ್ದೇಶಕ, ಅವನೇ ಕ್ಯಾಮೆರಾ. ರಜೆ ಸಿಕ್ಕಾಗಲೆಲ್ಲ ಶೂಟಿಂಗ್ ಮಾಡಿ ವರ್ಷವೇ ಕಳೆದಿತ್ತು. ಕಥೆ ಅವನ ತಮ್ಮನದು: ಹೆಣ್ಣುವೇಷ ತೊಟ್ಟು ಡ್ರ್ಯಾಗ್ ಪ್ರದರ್ಶನಕ್ಕೆ ನಿಂತರೆ ಶಿಳ್ಳೆಗೆ ಛಾವಣಿ ಹಾರಿಹೋಗಬೇಕು! ಪಾತ್ರ ಮಾಡುತ್ತಿದ್ದದ್ದೂ ಅದೇ ಜೀವ. ಅಣ್ಣನ ಪಾಲಿಗೆ ತಮ್ಮ, ನಮಗೆಲ್ಲ ರಾಣಿ.

ವೇಷವಿಲ್ಲದ ಬೋಳುತಲೆಯ ದೃಶ್ಯಗಳು ಮೊದಲೇ ಮುಗಿದಿದ್ದವು, ಆಮೇಲೆಲ್ಲ ವಿಗ್. ಅದರಡಿ ಕೂದಲು ಬೆಳೆಯುತ್ತಿರುವುದು ಮೂರು ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಹೊರಗೆ ಸದಾ ಉಣ್ಣೆ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ ರಾಣಿಗೆ, ಮತ್ತು ಆ ಕೂದಲನ್ನು ಸುತ್ತಿ, ಪಿನ್ನು ಚುಚ್ಚಿ, ಬಿಗಿಬಟ್ಟೆ ಎಳೆದು, ಮೇಲೆ ವಿಗ್ ಅಂಟಿಸುತ್ತಿದ್ದ ನನಗೆ.

ಮೊದಲ ಪಿನ್ನಿನ ದಿನವೇ ಅವಳು ಹೇಳಿದ್ದಳು: "ಅಕ್ಕಾ, ವೇದಿಕೆ ಮೇಲಿರೋದು ವೇಷ, ಸರಿ. ಆದ್ರೆ ಅದು ಕಳಚಿದ್ಮೇಲೆ ಉಳಿಯೋಳೂ ಹೆಣ್ಣೇ. ಅಣ್ಣಂಗೆ ಹೇಳಕ್ಕೆ ಬಾಯೇ ಬರ್ತಿಲ್ಲ."

ಕೊನೆಯ ದೃಶ್ಯದಲ್ಲಿ ಕನ್ನಡಿಯ ಮುಂದೆ ವಿಗ್ ಕಿತ್ತು, ಬೋಳುತಲೆಯ ಗಂಡಸಾಗಿ ಮನೆಗೆ ಹೊರಡಬೇಕು. ವಿಗ್ ಆಗಲೇ ಅವಳ ತಲೆಯ ಮೇಲಿತ್ತು, ಅಡಿಯ ಕೂದಲು ಬೋಳಿಸುವುದೋ ಬೇಡವೋ ಇನ್ನೂ ತೀರ್ಮಾನವಾಗಿರಲಿಲ್ಲ; ಟ್ರಿಮ್ಮರ್ ನನ್ನ ಕೈಯಲ್ಲಿ ಗುಂಯ್‌ಗುಡುತ್ತಿತ್ತು. ಅಣ್ಣ ಬಾಗಿಲು ತಳ್ಳಿಕೊಂಡು ಬಂದ.

"ಮೇಕಪ್ಪಕ್ಕಾ, ಬೋಳಿಸಿ ಆಯ್ತಾ?"

"ಕಾಲಿಗೆ ಬೆಂಕಿ ಬಿದ್ದೋರ ಹಾಗೆ ಆಡ್ಬೇಡ."

"ಅಮ್ಮಂಗೆ ಮಾತು ಕೊಟ್ಟಿದೀನಿ ಅಕ್ಕಾ, ಕೊನೇಲಿ ನಿನ್ನ ಮಗ ನಿಂಗೆ ವಾಪಸ್ ಸಿಗ್ತಾನೆ ಅಂತ. ಕೊಡಿ ಇಲ್ಲಿ, ನಾನೇ ಹೊಡೀತೀನಿ. ತಲೆ ಬಗ್ಸೋ."

ಅವನ ಬೆರಳು ವಿಗ್ಗಿನ ಅಂಚಿಗೆ ತಾಗಿತು. ರಾಣಿ ಕುರ್ಚಿಯ ಕೈ ಹಿಡಿದ ಬಿಗಿಗೆ ಮರವೇ ಪುಡಿಯಾಗಬೇಕಿತ್ತು.

"ಮುಟ್ಬೇಡ!" ಎಂದು ಚೀರಿದೆ. "ಅಂಟು ಹಸಿ ಇದೆ, ಹಣೆ ಚರ್ಮ ಕಿತ್ತುಬರುತ್ತೆ. ಬೋಳಿಸಿ ಆಯ್ತು ಮಾರಾಯ, ಮೊಟ್ಟೆ ಹಾಗೆ ಹೊಳೀತಿದೆ."

"ಮತ್ತೆ ಟ್ರಿಮ್ಮರ್ ಯಾಕೆ?"

"ನನ್ನ ಮೀಸೆ ತೆಗೀಬೇಕು. ನಿಂತು ನೋಡ್ತೀಯಾ?"

ಅವನು ಕಿವಿ ಕೆಂಪಾಗಿಸಿಕೊಂಡು ಹೊರಟುಹೋದ.

"ಅಕ್ಕಾ, ಅಣ್ಣಂಗೆ ಈಗ ಕ್ಯಾಮೆರಾ ಮುಂದೇನೇ ಗೊತ್ತಾಗೋದಾ..." ರಾಣಿ ನನ್ನ ತೋಳು ಹಿಡಿದಳು.

"ಹೂಂ. ಬೇಡ ಅನ್ನಿಸಿದ್ರೆ ಹೇಳು, ಈಗ್ಲೇ ಬೋಳಿಸ್ತೀನಿ."

ನನ್ನ ಕೈ ನಡುಗತೊಡಗಿದ್ದು ಆಗಲೇ. ಅವಳು ಕನ್ನಡಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ತಾನೇ ಟ್ರಿಮ್ಮರ್ ಆರಿಸಿದಳು.

ಕ್ಯಾಮೆರಾ ಓಡತೊಡಗಿತು. ವಿಗ್ ಕಳಚಿಬಂತು. ಬಿಗಿಬಟ್ಟೆ ಬಂತು. ಕ್ಯಾಮೆರಾದ ಹಿಂದೆ ಅಣ್ಣನ ಭುಜ ಸೆಟೆಯಿತು. ಮೇಜಿನ ಮೇಲೆ ಬೀಳುತ್ತಿದ್ದ ಒಂದೊಂದು ಪಿನ್ನೂ ನನ್ನ ಕಿವಿಗೆ ಕಬ್ಬಿಣದ ಕಂಬ ಉರುಳಿದಂತೆ. ಕೂದಲು ಇಳಿದು ಕುತ್ತಿಗೆಗೆ ತಾಗಿತು. ಬೇರೆ ಕಥೆಯಾಗಿದ್ದರೆ ಸೊಂಟಕ್ಕೆ ತಾಗಿತು ಎಂದುಬಿಡುತ್ತಿದ್ದೆ. ಇಲ್ಲಿ ಕುತ್ತಿಗೆಯೇ ಸಾಕು.

ಅವಳು ಕನ್ನಡಿಯಿಂದ ತಿರುಗಿ ನೇರ ಕ್ಯಾಮೆರಾ ನೋಡಿದಳು.

"ಅಣ್ಣಾ, ಮನೆಗೆ ಬರೋದು ಇವಳೇ."

ಅಣ್ಣ ಕಟ್ ಎನ್ನಲಿಲ್ಲ. ಮೆಲ್ಲಗೆ ಕಣ್ಣೆತ್ತಿ, ಅಂಗಿಯ ತುದಿಯಿಂದ ಮೊದಲು ಕ್ಯಾಮೆರಾ, ಆಮೇಲೆ ಕೆನ್ನೆ ಒರೆಸಿಕೊಂಡ.

"ಅಮ್ಮಂಗೆ ಏನಂತ ಹೇಳೋದು?"

"ನಾನು ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಸಾಕು."

ಅವನು ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟ.

"ನನ್ನ ಕೈ ಅಲ್ಲಾಡಿ ಫೋಕಸ್ ಹೋಯ್ತು. ಅಕ್ಕಾ, ಪಿನ್ನು ಹಾಕಿ, ಇನ್ನೊಂದ್ಸಲ ತೆಗೆಯೋಣ." ರಾಣಿಯ ಕಡೆ ತಿರುಗಿದ. "ಈ ಸಲ ನಿಧಾನಕ್ಕೆ ಬಿಚ್ಚು. ಅಮ್ಮಂಗೆ ಚೆನ್ನಾಗಿ ಕಾಣ್ಬೇಕು."