ಎಂಟು ಮ್ಯಾಗ್ನೆಟ್‌ಗಳಲ್ಲಿ ಆರು

೧
ಎಲ್ಲಿಂದ ಶುರುಮಾಡಲಿ? ಅಫ್ಜಲ್ ನಕ್ಕ ಕ್ಷಣದಿಂದಲೋ, ನಕ್ಕು ಮುಗಿಸಿ ಎಣಿಸಿದ ಕ್ಷಣದಿಂದಲೋ? ನಗುವಿನಿಂದ ಶುರುವಾದರೆ ನೀವು ಇದನ್ನು ಹಾಸ್ಯ ಎಂದುಕೊಳ್ಳುತ್ತೀರಿ. (ಮೊದಲ ಡ್ರಾಫ್ಟ್ ಬರೆಯುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಹರಿದು ಹಾಕಿದೆ.) ಹಾಗಾಗಿ ಎಣಿಕೆಯಿಂದಲೇ. ಆರು. ಮತ್ತೆ ಎಣಿಸಿದ. ಆರೇ. ಬೆಳಿಗ್ಗೆ ಎಂಟಿದ್ದವು.

೨
ಅಫ್ಜಲ್ ತಿಪಟೂರಿನ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಲಸ ಕಡಿಮೆಯಿದ್ದ ದಿನ ರಟ್ಟು, ಬಿದಿರುಕಡ್ಡಿಗಳಲ್ಲಿ ಪುಟ್ಟ ಮಾಡೆಲ್‌ಗಳನ್ನು ಕಟ್ಟುವುದು ಅವನ ಹವ್ಯಾಸ. ಈ ಸಲದ್ದು ಶೆಟ್ಟಿಕೆರೆ ಕಡೆಯ ತೋಟದ ಮನೆ. ಸೂರನ್ನು ಎತ್ತಿದರೆ ಒಳಗಿನ ಅಟ್ಟ ಕಾಣಬೇಕು. ಕೊಬ್ಬರಿಯಾಗಲು ವರ್ಷವಿಡೀ ಅಲ್ಲಿ ಮಲಗಿರುವ ಕಾಯಿಗಳು ಕಾಣಬೇಕು. (ಕಾಯಿಗಳಿಗೆ ಮೆಣಸಿನಕಾಳು ಬಳಸಿದ್ದಾನೆ. ಈ ಕಥೆಯಲ್ಲಿ ನನಗೆ ಭಯವಾಗದ ಒಂದೇ ವಿಷಯ ಅದು.) ಸೂರು ಗಟ್ಟಿಯಾಗಿ ಕೂರಲು ಅದರ ಮೂಲೆಗಳಿಗೆ ನಾಲ್ಕು ಮ್ಯಾಗ್ನೆಟ್, ಗೋಡೆಯ ತಲೆಗೆ ನಾಲ್ಕು. ನಿಯೋಡಿಮಿಯಮ್. ಅಗಲ ಐದು ಮಿಲಿಮೀಟರ್. ಎರಡು ಅಂಟಿಕೊಂಡರೆ ಉಗುರು ತೂರಿಸಿಯೇ ಬಿಡಿಸಬೇಕು.

ಮೇಜಿನ ಮೇಲಿಟ್ಟರೆ ಅವು ಕತ್ತರಿಗೆ ಹಾರಿ ಅಂಟುತ್ತಿದ್ದವು. ಅಫ್ಜಲ್ ಇಪ್ಪತ್ತು ವರ್ಷದಿಂದ ಗುಂಡುಪಿನ್ನುಗಳನ್ನು ಎಲ್ಲಿಡುತ್ತಿದ್ದನೋ ಅಲ್ಲೇ ಅವನ್ನೂ ಇಟ್ಟುಕೊಂಡ. ತುಟಿಗಳ ನಡುವೆ. ಟೈಲರ್‌ಗೆ ಎರಡೂ ಕೈ ಖಾಲಿ ಇರಬೇಕಲ್ಲ.

೩
ಆಟೋ ಓಡಿಸುವ ಗೆಳೆಯ ಬೀರೇಶ್ ಬಾಗಿಲಿಗೆ ಬಂದು ನಿಂತದ್ದು ಆಗಲೇ.

“ಲೇ ಅಫ್ಜಲ್, ಬೊಂಬೆ ಮನೆಗೆ ಸೂರು ಹಾಕ್ತಾ ಕುಂತಿದ್ದೀಯಲ್ಲೋ. ನನ್ ಪ್ಯಾಂಟಿಗೆ ಜಿಪ್ಪು ಹಾಕು ಅಂತ ರಂಜಾನಿಂದ ಬಡ್ಕತಾ ಇವ್ನಿ. ಬಾಗ್ಲೇ ಇಲ್ದೆ ಎಷ್ಟ್ ದಿನ ತಿರುಗ್ಲಿ ಕಣ್ಲಾ?”

ಅಫ್ಜಲ್ ನಕ್ಕ. ತುಟಿ ತೆರೆಯಿತು.

ಆಮೇಲೆ ಇಬ್ಬರೂ ಹುಡುಕಿದರು. ಕತ್ತರಿ, ಮಿಷನ್ನಿನ ಪೆಡಲ್ಲು, ಇಸ್ತ್ರಿಪೆಟ್ಟಿಗೆ, ಬೀಗ, ಅಂಟಬಹುದಾದ ಎಲ್ಲ ಕಬ್ಬಿಣ. ಗಂಟಲಲ್ಲಿ ಏನೋ ಇಳಿದಂತಿತ್ತೇ? ಎಂಜಲೂ ಇರಬಹುದು. ಅಫ್ಜಲ್‌ಗೆ ಗೊತ್ತಾಗಲಿಲ್ಲ.

“ಎರಡು ಬಾಳೆಹಣ್ಣು ತಿನ್ನು, ನಾಳೆ ಬತ್ತದೆ ಬುಡು,” ಎಂದ ಬೀರೇಶ್. “ನಮ್ ಚಿಕ್ಕಪ್ಪನ ಮಗ ಗೋಲಿ ನುಂಗಿ ಮೂರ್ನೇ ದಿನ ಅದ್ರಲ್ಲೇ ಆಡ್ತಿದ್ದ.”

(ಇಲ್ಲಿ ನಾನು ಬಾಯಿ ಹಾಕಲೇಬೇಕು. ಗೋಲಿಯ ಮಾತು ಬೇರೆ. ಎರಡು ಮ್ಯಾಗ್ನೆಟ್‌ಗಳು ಹಿಂದೆ ಮುಂದೆ ಇಳಿದರೆ ಕರುಳಿನ ಎರಡು ಮಡಿಕೆಗಳಲ್ಲಿ ಕುಳಿತು ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಹರಿಯುವುದಿಲ್ಲ, ತೂತು ಬೀಳಬಹುದು. ಮೊದಮೊದಲು ನೋವು ಕೂಡ ಇರದೆ ಹೋಗಬಹುದು. ವಿಜ್ಞಾನ ಓದಿದ ನಾನು ಈ ಐದು ವಾಕ್ಯಗಳನ್ನು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ.)

೪
ಹೆಂಡತಿ ಶಿಫಾ ಮೂರು ವರ್ಷದ ಅಕ್ಸಾಳನ್ನು ಸೊಂಟದಲ್ಲಿ ಹೊತ್ತು ಒಳಗಿನಿಂದ ಬಂದಳು. (ಮನೆಯಲ್ಲಿ ಅವರು ಆಡುವುದು ಉರ್ದು. ನನಗೆ ಕೇಳಿಸಿದ್ದು ಕನ್ನಡದಲ್ಲಿ.)

“ಏನ್ರೀ ಹುಡುಕ್ತಾ ಇದೀರ?”

ಅಫ್ಜಲ್ ಹೇಳಿದ. ಶಿಫಾ ಬೈಯುತ್ತಾಳೆಂದು ನಾನೂ ಅವನೂ ಕಾದೆವು. ಅವಳು ಬೈಯಲಿಲ್ಲ. ಮಗುವನ್ನು ನಿಧಾನವಾಗಿ ಕೆಳಗಿಳಿಸಿದಳು.

“ಬೆಳಿಗ್ಗೆ ನೀವು ಟೀಗೆ ಎದ್ದು ಬಂದಾಗ ಇವಳು ಇಲ್ಲೇ ಇದ್ಲು. ತುಟೀಲಿ ಗುಂಡಿ ಇಟ್ಕೊಂಡಿದ್ಲು. ಕೇಳಿದ್ರೆ ‘ಅಬ್ಬಾ ಥರ’ ಅಂದ್ಲು.”

ಅಫ್ಜಲ್ ಮಗಳ ಮುಂದೆ ಮಂಡಿಯೂರಿದ.

“ಅಕ್ಸಾ, ಬಾಯಲ್ಲಿ ಏನಿತ್ತಮ್ಮಾ?”

“ಗುಂಡಿ.”

“ಯಾವ ಗುಂಡಿ? ಬಿಳೀದಾ?”

“ಹೊಳೆಯೋದು.”

“ಎಲ್ಲಿ ಹೋಯ್ತು?”

ಅಕ್ಸಾ ಅಮ್ಮನ ದುಪಟ್ಟಾದೊಳಗೆ ಮುಖ ಮುಚ್ಚಿಕೊಂಡಳು.

೫
ಈ ಭಾಗವನ್ನು ಬರೆಯುವಾಗ ಅಫ್ಜಲ್ ನನ್ನ ಕಡೆ ತಿರುಗಿದ.

“ಸಾರ್, ಮಗೂನ ಬುಟ್ಬುಡಿ. ಎರಡೂ ನಾನೇ ನುಂಗಿದೀನಿ ಅಂತ ಬರ್ದ್ಬುಡಿ.”

“ಬರೀತೀನಿ. ಆಮೇಲೆ ಅಕ್ಸಾನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?”

“ನನ್ ಹೊಟ್ಟೇಲಿದ್ರೆ ಅವಳ್ಯಾಕೆ ಬರ್ಬೇಕು?”

“ಅದಕ್ಕೇ ಬರೆಯಲ್ಲ.”

“ಹಂಗಾದ್ರೆ ಮಿಷನ್ ಕೆಳಗೆ ಸಿಕ್ತು ಅನ್ನಿ. ನಿಮಗೇನ್ ಸಾರ್, ಒಂದು ಸಾಲು!”

ಅವನ ಮುಖ ನೋಡಲಾರದೆ ಆ ಸಾಲನ್ನು ಬರೆದೂ ಬಿಟ್ಟೆ. ಮಿಷನ್ನಿನ ಅಡಿಯ ಕಬ್ಬಿಣಕ್ಕೆ ಎರಡೂ ಅಂಟಿಕೊಂಡಿದ್ದವು. ಅಫ್ಜಲ್ ನೆಲದ ಮೇಲೇ ಕುಸಿದು ಕುಳಿತ. ಶಿಫಾ ಈಗ ಬೈದಳು, ಬಾಯಿ ತುಂಬ. ಬೀರೇಶ್ ಸ್ಟ್ಯಾಂಡಿಗೆ ಹೋದ. ಅಕ್ಸಾ ಬಿಸ್ಕತ್ತು ತಿಂದಳು.

ಓದಿ ನೋಡಿದೆ. ಚೆನ್ನಾಗಿತ್ತು. ಆದರೆ ಹುಡುಕಿದಾಗ ಅಲ್ಲಿ ಇರಲಿಲ್ಲವಲ್ಲ? ಇರಲಿ ಎಂದು ನನಗೆ ಆಸೆಯಿತ್ತು, ಅಷ್ಟೇ. ನನ್ನ ಆಸೆಯನ್ನು ನಂಬಿ ಒಂದು ಮಗು ಬಿಸ್ಕತ್ತು ತಿನ್ನುತ್ತಿದೆ.

ಸಾಲನ್ನು ಹೊಡೆದುಹಾಕಿದೆ. ಅಫ್ಜಲ್ ನನ್ನನ್ನು ಬೈದ ಮಾತನ್ನು ಅಚ್ಚು ಹಾಕುವಂತಿಲ್ಲ.

೬
ಬೀರೇಶನ ಆಟೋ. ಯಾರೂ ತಮಾಷೆ ಮಾಡಲಿಲ್ಲ. ಅಕ್ಸಾ ನೀರು ಕೇಳಿದಳು. ಶಿಫಾ ಬಾಟಲಿಯ ಮುಚ್ಚಳ ತಿರುಗಿಸಿ, ಮತ್ತೆ ಮುಚ್ಚಿದಳು. “ಡಾಕ್ಟ್ರು ನೋಡ್ಲಿ, ಆಮೇಲೆ.” ಮಗು ಅತ್ತಿತು. ಅಳು ಬಾಯಾರಿಕೆಯದೋ, ಹೊಟ್ಟೆಯದೋ? ಅಫ್ಜಲ್ ಪ್ರತಿ ಸಲ ಅದನ್ನೇ ಕಿವಿಗೊಟ್ಟು ಕೇಳಿದ. ತನ್ನ ಹೊಟ್ಟೆಯಲ್ಲಾದರೂ ನೋವು ಬರಲಿ ಎಂದು ಬೇಡಿಕೊಂಡ. ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಅಪ್ಪ, ಮಗಳು ಇಬ್ಬರಿಗೂ ಎಕ್ಸ್‌ರೇ ಬರೆದರು.

“ಯಾರದ್ರೀ ಮೊದ್ಲು?” ಎಂದ ಎಕ್ಸ್‌ರೇಯವನು.

“ಮಗೂದು,” ಎಂದಳು ಶಿಫಾ.

ಕೊರಳ ತಾಯತ ತೆಗೆಸಿದರು. ಅಫ್ಜಲ್ ಭಾರದ ಏಪ್ರನ್ ತೊಟ್ಟು ಮಗಳ ಎರಡೂ ತೋಳು ಹಿಡಿದ. “ಅಲ್ಲಾಡ್ಬೇಡ ಚಿನ್ನ.” ಯಂತ್ರ ಗುಂಯ್ ಎಂದು ನಿಂತಿತು. ಎಕ್ಸ್‌ರೇಯವನು ಪರದೆಯತ್ತ ಬಾಗಿದ.

“ಏನಾದ್ರೂ ಕಾಣ್ತಾ ಅಣ್ಣಾ?”

“ಡಾಕ್ಟ್ರು ಹೇಳ್ತಾರೆ. ಮಗೂನ ಅಮ್ಮನ ಹತ್ರ ಕೊಡಿ. ನೀವ್ ಮಲಕ್ಕಳಿ.”

೭
ಪರದೆ ನನಗೆ ಕಾಣುತ್ತದೆ, ಬರೆಯುವವನು ನಾನೇ. ಹೇಳಬಹುದು. ಆದರೆ ನಿಮ್ಮಲ್ಲಿ ಯಾರ ಮೇಜಿನ ಮೇಲಾದರೂ ಈಗ ಎಂಟಕ್ಕೆ ಆರೇ ಇದ್ದರೆ, ಅಕ್ಸಾಳ ಉತ್ತರವನ್ನು ನಿಮ್ಮ ಮಗುವಿನ ಉತ್ತರವೆಂದು ಓದಿಕೊಂಡು ಆಟೋವನ್ನು ಮನೆ ಕಡೆ ತಿರುಗಿಸುತ್ತೀರಿ. ಗೊತ್ತಿಲ್ಲದ್ದರಿಂದಲೇ ಇವರು ಇಲ್ಲಿಯವರೆಗೆ ಬಂದರು.

ಅಫ್ಜಲ್ ತಣ್ಣನೆಯ ಹಲಗೆಯ ಮೇಲೆ ಅಂಗಾತ ಮಲಗಿದ್ದಾನೆ. ಗೋಡೆಯಾಚೆ ಅಕ್ಸಾಳ ಅಳು ನಿಂತಿದೆ. ಯಾಕೆ ನಿಂತಿತು?

“ಉಸಿರು ಹಿಡ್ಕಳಿ,” ಎಂದಿತು ದನಿ.

ಹಿಡಿದ. ಅದಾದ ಮೇಲೆ ಎಕ್ಸ್‌ರೇಯವನು ಹೇಳಬೇಕಾದ ಇನ್ನೊಂದು ಮಾತಿದೆ. ಅದನ್ನು ನಾನು ಬರೆದಿಲ್ಲ.